ಕಾಡುಕೋಣಕ್ಕೆ ಎಂಥ ಗುಂಡು

ವಿಲಾಯತಿಯ ಗ್ರೀನ್‌ಫರ್ಡ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆ ಮನುಷ್ಯನನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಮನೆಯೊಳಗೆ ಮೊಟ್ಟೆ ತರಗೊಡುತ್ತಿರಲಿಲ್ಲ, ಆದರೆ ಆಫ್ರಿಕಾಕ್ಕೆ ಹೋಗಿ ಕಾಡುಕೋಣ ಹೊಡೆಯುವ ಹುಚ್ಚು. ಕೇಳಿದರೆ, "ನಾವೇನ್ ತಿಂತೀವೇನ್ರೀ? ಬರೇ ಹೊಡೀತೀವಿ," ಅನ್ನುತ್ತಿದ್ದ.

ರೈಫಲ್ ಆರಿಸುವಾಗ ನನ್ನನ್ನೂ ಶೂಟಿಂಗ್ ರೇಂಜಿಗೆ ಕರೆದೊಯ್ದಿದ್ದ. ಗುಂಡಿನ ದಪ್ಪ ಹೇಳುವ ಕ್ಯಾಲಿಬರ್ ಮುನ್ನೂರ ಎಪ್ಪತ್ತೈದಿದ್ದ ರೈಫಲಿನಲ್ಲಿ ಅವನ ಗುರಿ ಚೆನ್ನಾಗಿಯೇ ಇತ್ತು. ಅದಕ್ಕಿಂತ ದಪ್ಪ ಗುಂಡಿನ ನಾನೂರ ಐವತ್ತೆಂಟನ್ನು ಎತ್ತಿಕೊಂಡಾಗ ಮಾತ್ರ, ಅದು ಭುಜಕ್ಕೆ ಕೊಡುವ ಒದೆತಕ್ಕೆ ಹೆದರಿ, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಿದ್ದ.

"ಸಣ್ಣದನ್ನ ತಗೋರಿ, ಅದು ನಿಮ್ಮ ಮಾತು ಕೇಳ್ತದ," ಅಂದೆ.

"ದೊಡ್ಡ ಪ್ರಾಣಿಗೆ ದೊಡ್ಡ ಗುಂಡೇ ಬೇಕ್ರೀ," ಎಂದು ಬಲಭುಜ ಸವರಿಕೊಂಡ. ಆ ಮಾತು, ಆ ಸವರಿಕೆ, ಎರಡೂ ದಿನಾ ಇದ್ದದ್ದೇ.

ಆ ದೊಡ್ಡದನ್ನೇ ಒಯ್ದು ಆಫ್ರಿಕಾದಿಂದ ಬಂದವನು ದೀಪಾವಳಿ ಊಟಕ್ಕೆ ನಮ್ಮನ್ನೆಲ್ಲ ಕರೆದ. ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ ಕತೆ ಹೇಳಿದ. ಗುಂಡು ಕೋಣದ ಹೊಟ್ಟೆಗೆ ಬಿತ್ತಂತೆ. ಗಾಯಗೊಂಡ ಕೋಣ ಪೊದೆ ಹೊಕ್ಕಿತಂತೆ. ಇವನು ಜೀಪಿನಲ್ಲೇ ಕೂತಿದ್ದನಂತೆ. ಹೆಜ್ಜೆ ಹುಡುಕುವ ಅಲ್ಲಿನ ಆಳು ಒಳಗೆ ಹೋದನಂತೆ, ಕೋಣ ಅವನ ತೊಡೆ ಸೀಳಿತಂತೆ.

"ಅಂವಾ ಈಗ ಹೆಂಗಿದ್ದಾನ್ರೀ?" ಎಂದೆ.

"ಅದನ್ನೆಲ್ಲ ಸಫಾರಿ ಕಂಪನಿಯವರು ನೋಡ್ಕೋತಾರ. ತಪ್ಪು ಕ್ಯಾಲಿಬರಿಂದ್ರೀ. ಮುಂದಿನ ಸಲ ಇನ್ನೂ ದೊಡ್ಡದು ಒಯ್ತೀನಿ."

"ಮೊದಲು ಕಣ್ಣು ತೆರದು ಹೊಡೀರಿ," ಎಂದು ನಾನು ತಟ್ಟೆ ಬಿಟ್ಟು ಎದ್ದೆ.

ಬಾಗಿಲ ಬಳಿ ತಿರುಗಿ ನೋಡಿದರೆ, ಅವನು ಅಂಗಿಯ ಗುಂಡಿ ಬಿಚ್ಚಿ ಎಲ್ಲರಿಗೂ ಬಲಭುಜ ತೋರಿಸುತ್ತಿದ್ದ: "ನನಗೆ ಎಷ್ಟ್ ಪೆಟ್ಟಾಗ್ಯದ ನೋಡ್ರೀ!"