ಓದಿದ ಮೇಲೆ ಮಾಯವಾದ ಕಾಗದ

ಇವತ್ತು ಬೆಳಿಗ್ಗೆ ದೇವರ ಜಗಲಿಯ ಮೇಲಿನ ನಿನ್ನೆಯ ಹೂವು, ಬಾಡಿದ ಪತ್ರೆ ಎಲ್ಲವನ್ನೂ ಬಿದಿರು ಬುಟ್ಟಿಗೆ ತೆಗೆಯುತ್ತಿದ್ದೆ. ಫೋನು ಹೊಡೆದುಕೊಂಡಿತು. ನಿರ್ಮಾಲ್ಯ ತೆಗೆಯುವಾಗ ನಾನು ಫೋನು ಮುಟ್ಟುವವಳಲ್ಲ. ಆದರೆ ಗಿರಿಜಾ ಎಂಬ ಹೆಸರು ಕಾಣಿಸಿತು. ಗಿರಿಜಾ ನಮ್ಮ ಯಜಮಾನರ ತಂಗಿ. ನಾದಿನಿಯ ಫೋನಿಗೆ ಶಿವನೂ ಸ್ವಲ್ಪ ರಿಯಾಯಿತಿ ಕೊಟ್ಟಾನು ಎಂದುಕೊಂಡು ಸೆರಗಿಗೆ ಕೈ ಒರೆಸಿ ಎತ್ತಿದೆ.

“ಅತ್ತಿಗೆ, ಇವತ್ತಿಗೆ ನನ್ನ ನೌಕರಿ ಮುಗೀತು ನೋಡ್ರಿ. ಕಪಾಟು ಖಾಲಿ ಮಾಡ್ತಾ ಕುಂತೀನಿ. ನನ್ನ ಹಳೇ ನೋಟ್‌ಬುಕ್ ಸಿಕ್ತು. ಅದ್ರಾಗೆ ನಿಮ್ದೊಂದು ಸಾಲು ಐತೆ. ಓದ್ಲಾ?”

ಓದಿದಳು. ಆ ಸಾಲನ್ನು ನಿಮಗೆ ಈಗಲೇ ಹೇಳಿದರೆ ತಲೆಬುಡ ತಿಳಿಯದು. ನೋಟ್‌ಬುಕ್ಕಿನ ಕಥೆಯನ್ನೇ ಮೊದಲು ಹೇಳಬೇಕು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾವಿದ್ದದ್ದು ಶಿಕಾರಿಪುರದಲ್ಲಿ. ಗಿರಿಜಾ ದಿನಾ ಬಸ್ಸಿನಲ್ಲಿ ಶಿರಾಳಕೊಪ್ಪಕ್ಕೆ ಹೋಗಿ ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಳು. ಕೆಲಸ ತಾತ್ಕಾಲಿಕ. ಪ್ರತಿ ಜೂನ್ ಬಂದಾಗಲೂ ಈ ವರ್ಷ ಕರೆಯುತ್ತಾರೋ ಇಲ್ಲವೋ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರುವುದು. ಅವಳ ಆಸ್ತಿ ಎಂದರೆ ಒಂದು ದುರ್ಬೀನು, ಮತ್ತು ಭತ್ತದ ಚೀಲ ಇಡುತ್ತಿದ್ದ ಕೋಣೆಯಲ್ಲಿ ಯಾರೋ ಬಳಸಿ ಬಿಟ್ಟ ಒಂದು ಕಂಪ್ಯೂಟರು.

ಅದರಲ್ಲಿ ಈಗಿನಂತೆ ಚಿತ್ರ ಗಿತ್ರ ಇರಲಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಬರೆಯುವುದಕ್ಕೆ ಒಂದು ತಂತ್ರಾಂಶ. ಆ ಬರೆಯುವ ಜಾಗದೊಳಗೇ ಪತ್ರ ಬರುವುದು, ಅಲ್ಲೇ ಉತ್ತರ ಬರೆಯುವುದು. ದೇಶದೇಶದ ಹಕ್ಕಿಹುಚ್ಚಿನವರು ಬರೆದು ಹಾಕುವ ಸುದ್ದಿ ಓದುವುದೂ ಅಲ್ಲೇ. ಒಂದೇ ಒಲೆಯಲ್ಲಿ ಅನ್ನ, ಸಾರು, ಸ್ನಾನದ ನೀರು ಎಲ್ಲ ಆದ ಹಾಗೆ. ಆದರೆ ತಾನಾಗಿ ಏನೂ ಮಾಡದು. ಏನು ಬೇಕೆಂದು ಒಂದು ಕಡತದಲ್ಲಿ ಸಾಲುಸಾಲಾಗಿ, ಆವರಣ ಚಿಹ್ನೆಗಳ ಒಳಗೆ ನಾವೇ ಬರೆದಿಡಬೇಕು. ತೆರೆದ ಆವರಣ ಒಂದನ್ನು ಮುಚ್ಚಲು ಮರೆತರೂ ಮುನಿಸಿಕೊಂಡ ಅಳಿಯನಂತೆ ಕೂತುಬಿಡುತ್ತದೆ. ಏಕೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ.

ಮೊದಮೊದಲು ಎಲ್ಲವೂ ಎಡವಟ್ಟು. ಬೆಳಗಿನ ಜಾವ ದೀಪ ಹಚ್ಚುವ ಹೊತ್ತಿಗೆ ಫೋನಿನ ತಂತಿಗೆ ಸಿಕ್ಕಿಸಿದ ಡಬ್ಬಿ ಕೀಂ, ಗುರ್ ಎಂದು ಅರಚುವುದು. ಅತ್ತೆ ವಿಭೂತಿ ಹಚ್ಚಿಕೊಳ್ಳುತ್ತ, “ಗಿರಿಜಾ, ಇದು ಗುಡವಿ ಕೆರೆ ಹಕ್ಕೀನೇನೇ? ಕುತ್ತಿಗೆ ಹಿಚುಕಿದಂಗೆ ಕೂಗ್ತದಲ್ಲೇ!” ಎನ್ನುವರು.

ಆದರೆ ಗಿರಿಜಾಳ ತಾಳ್ಮೆ ನೋಡಬೇಕಿತ್ತು. ಕೆಟ್ಟರೆ ಬೈಯುವವಳಲ್ಲ, ಮೇಜು ಗುದ್ದುವವಳಲ್ಲ. ಕಡತದಲ್ಲಿ ಒಂದು ಸಾಲು ಬದಲಾಯಿಸುವಳು, ನೋಟ್‌ಬುಕ್ಕಿನಲ್ಲಿ ವಾರ ಹಾಕಿ ಏನು ಬದಲಾಯಿಸಿದೆ ಎಂದು ಬರೆಯುವಳು, ಮತ್ತೆ ಶುರು ಮಾಡಿ ನೋಡುವಳು. “ನಾಲ್ಕೂ ಸಾಲು ಒಟ್ಟಿಗೆ ಬದಲಾಯಿಸಿ ಮುಗಿಸಬಾರದನೇ ಮಾರಾಯ್ತಿ?” ಎಂದು ಒಮ್ಮೆ ಕೇಳಿದೆ. “ಸಾರಿಗೆ ಉಪ್ಪು, ಹುಳಿ, ಖಾರ ಎಲ್ಲಾ ಒಂದೇ ಸಲ ಸುರಿದ್ರೆ ಯಾವುದು ಕೆಡಿಸ್ತು ಅಂತ ಹೆಂಗ್ ಹೇಳ್ತೀರಿ ಅತ್ತಿಗೆ?” ಎಂದಳು. ಅಡುಗೆ ಮನೆಯ ಶಾಸ್ತ್ರವನ್ನು ನನಗೇ ತಿರುಗಿಸಿ ಹೇಳಿದ್ದಳು.

ಒಮ್ಮೆ ಮಾತ್ರ ನನ್ನ ಮಾತೂ ನಡೆಯಿತು. ಬಂದ ಪತ್ರಗಳನ್ನು ಹಕ್ಕಿ, ಗೆಳತಿ, ಕೆಲಸ ಎಂದು ಮೂರು ಕಡೆ ಬೇರೆ ಮಾಡಲು ಸಾಲು ಬರೆದಿದ್ದಳು. ಎಲ್ಲ ಪತ್ರಗಳೂ ಹಕ್ಕಿಗೇ ಬಂದು ಬೀಳುತ್ತಿದ್ದವು. ಯಾವುದಕ್ಕೂ ಸೇರದ ಪತ್ರವೂ ಹಕ್ಕಿಗೇ ಬರಲಿ ಎಂಬ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆದಿದ್ದಳಂತೆ. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. “ಸಣ್ಣ ಕಣ್ಣಿನ ಜರಡಿ ಮೇಲಿಟ್ರೆ ಕೆಳಗಿನದಕ್ಕೆ ಎಂತ ಬೀಳ್ತದೆ?” ಎಂದೆ. ಅವಳು ನನ್ನ ಮುಖವನ್ನೇ ನೋಡಿ, ಎದ್ದುಹೋಗಿ, ಆ ಸಾಲನ್ನು ಕೊನೆಗೆ ಹಾಕಿದಳು. ಸರಿಹೋಯಿತು. ನನಗೆ ಅದರ ಜಂಬ ಒಂದು ತಿಂಗಳಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆ ಜಂಬವೇ ಮುಂದೆ ನನ್ನನ್ನು ಕೆಡವಿದ್ದು.

ಗುಡವಿಯ ಕೆರೆಯಲ್ಲಿ ಗೂಡು ಕಟ್ಟುವ ಹಕ್ಕಿಗಳ ಬಗ್ಗೆ ಗಿರಿಜಾ ಆ ಹಕ್ಕಿಹುಚ್ಚಿನವರ ಸುದ್ದಿ ಗುಂಪಿನಲ್ಲಿ ಬರೆಯುತ್ತಿದ್ದಳು. ಅದನ್ನು ಓದಿದ ಹೊರರಾಜ್ಯದ ಒಂದು ಸಂಶೋಧನಾ ಕೇಂದ್ರದವರು, ಖಾಯಂ ಕೆಲಸವೊಂದಿದೆ, ಸಂದರ್ಶನದ ದಿನ ತಿಳಿಸುತ್ತೇವೆ ಎಂದಿದ್ದರು. ಪ್ರತಿ ಜೂನಿನ ಆ ಉಸಿರುಕಟ್ಟಿಗೆ ಅದೊಂದೇ ಬಿಡುಗಡೆ. ಅಷ್ಟರಲ್ಲಿ ಗೂಡು ಎಣಿಸುವ ಕಾಲ ಬಂತು. ಗುಡವಿಗೆ ಹತ್ತಿರವಾಗುತ್ತದೆಂದು ಸೊರಬದ ಕಡೆಯ ನನ್ನ ತವರು ಹೊಸಬಾಳೆಯಲ್ಲಿ ಉಳಿಯುವುದೆಂದಾಯಿತು. ಭಾನುವಾರ ಹೊರಡುವಾಗ ನನಗೆ ಪಾಠ ಹೇಳಿದಳು.

“ಬೆಳಿಗ್ಗೆ ಇದೊಂದು ಗುಂಡಿ ಒತ್ರಿ. ಅರಚಿ ಸುಮ್ಮನಾದ ಮೇಲೆ, ಕೆಲಸ ಅಂತ ಇರೋ ಸಾಲಿನ ಮುಂದೆ ಅಂಕಿ ಬಂದಿದ್ರೆ ನಿಮ್ಮಣ್ಣನ ಮನೆಗೆ ಫೋನ್ ಮಾಡ್ರಿ. ಎಂಟರ್ ಮಾತ್ರ ಒತ್ತಬ್ಯಾಡ್ರಿ.”

ಸೋಮವಾರ, ಉಪವಾಸದ ದಿನ, ಸ್ನಾನ ಮಾಡಿ ಗುಂಡಿ ಒತ್ತಿದೆ. ಕೆಲಸದ ಮುಂದೆ ಒಂದು ಎಂಬ ಅಂಕಿ! ಫೋನು ಮಾಡಬೇಕಿತ್ತು, ಅಷ್ಟೇ. ಆದರೆ ಜರಡಿಯ ಗುಟ್ಟು ಹೇಳಿಕೊಟ್ಟವಳಲ್ಲವೇ ನಾನು! ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ತಿಳಿದೇ ಫೋನು ಮಾಡೋಣ ಎಂದು ಎಂಟರ್ ಒತ್ತಿದೆ. ಕಾಗದ ತೆರೆಯಿತು. ನನ್ನ ಹತ್ತನೇ ಕ್ಲಾಸಿನ ಇಂಗ್ಲಿಷಿಗೂ ಅರ್ಥವಾಯಿತು: ಸಂದರ್ಶನಕ್ಕೆ ಬನ್ನಿ, ಹತ್ತು ದಿನದೊಳಗೆ ಉತ್ತರ ಬರೆಯಿರಿ. ಹಿಗ್ಗಿನಲ್ಲಿ, ಗಿರಿಜಾ ಹೊರಬರಲು ಒತ್ತುವುದನ್ನು ನೋಡಿದ್ದ ಅಕ್ಷರವನ್ನು ನಾನೂ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಕಾಗದ ಹೋಯಿತು. ಕಾಗದವಷ್ಟೇ ಅಲ್ಲ, ಕೆಲಸ ಎಂಬ ಸಾಲೇ ಇಲ್ಲ. ಹಕ್ಕಿ ಇದೆ, ಗೆಳತಿ ಇದೆ, ಕೆಲಸ ಮಾತ್ರ ಸೀಮೆಸುಣ್ಣ ಒರೆಸಿದ ಹಾಗೆ ಮಾಯ.

ಅಣ್ಣನ ಮನೆಗೆ ಫೋನು ಮಾಡಿ ಏನೆಂದು ಹೇಳುವುದು? ನಿನ್ನ ಕೆಲಸ ಬಂದಿತ್ತು, ನಾನು ಅಳಿಸಿದೆ ಎಂದೇ? ಮಾಡಲಿಲ್ಲ. ಆ ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ.

ಬುಧವಾರ ಸಂಜೆ ಗಿರಿಜಾ ಬಂದಳು. ಸೀರೆ ಅಂಚಿಗೆಲ್ಲ ಕೆಸರು, ಮುಖ ಬಿಸಿಲಿಗೆ ಕಪ್ಪಾಗಿತ್ತು. ಚಪ್ಪಲಿ ಬಿಡುತ್ತಲೇ, “ಏನಾದ್ರೂ ಬಂತಾ ಅತ್ತಿಗೆ?” ಎಂದಳು.

“ಇಲ್ಲ” ಎಂದೆ.

ಅವಳು ಒಳಗೆ ಹೋಗಿ ಸ್ವಲ್ಪ ಹೊತ್ತು ಕಂಪ್ಯೂಟರಿನ ಮುಂದೆ ಕೂತಿದ್ದು ಹೊರಬಂದಳು. ಅವಳು, “ನಾಳೆ ಅಕ್ಕಿ ರೊಟ್ಟಿ ಮಾಡ್ರಿ ಅತ್ತಿಗೆ, ನಿಮ್ಮೂರಾಗೆ ತಿಂದು ರುಚಿ ಹತ್ತೈತೆ” ಎಂದಳು, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಹೀಗೇ ನಿರ್ಮಾಲ್ಯ ತೆಗೆಯುತ್ತಿದ್ದೆ. ದಿನಾ ಹೂವು ಬದಲಿಸುತ್ತೇನೆ, ಸುಳ್ಳನ್ನು ಮಾತ್ರ ಮೊನ್ನೆಯದನ್ನೇ ಇಟ್ಟುಕೊಂಡಿದ್ದೇನಲ್ಲ ಎನಿಸಿ ಕಣ್ಣಲ್ಲಿ ನೀರು ಬಂತು. ಬುಟ್ಟಿ ಹಿಡಿದುಕೊಂಡೇ ಹೋಗಿ ಅವಳೆದುರು ನಿಂತು ಎಲ್ಲವನ್ನೂ ಹೇಳಿಬಿಟ್ಟೆ.

ಗಿರಿಜಾ ಬೈಯಲಿಲ್ಲ. “ಬರ್ರಿ ಇಲ್ಲಿ” ಎಂದು ಕೈಹಿಡಿದು ಕೂರಿಸಿಕೊಂಡಳು. ನೋಡುತ್ತೇನೆ, ಕೆಲಸ ಎಂಬ ಸಾಲು ಇದ್ದಲ್ಲೇ ಇದೆ! ಒಳಗೆ ಕಾಗದವೂ ಇದೆ. ಅದರ ತಲೆಯ ಬಳಿ ಒಂದು ಆಶ್ಚರ್ಯಸೂಚಕ ಚಿಹ್ನೆ. ಯಂತ್ರ ನನ್ನನ್ನು ಗದರುತ್ತಿದೆ ಎಂದುಕೊಂಡೆ.

“ಓದಿದ್ದನ್ನ ಅದು ಕಣ್ಣ ಮುಂದೆ ಇಡಲ್ಲ ಅತ್ತಿಗೆ, ಹಿಂದಕ್ಕೆ ಸರಿಸ್ತದೆ. ಓದದೇ ಇರೋದು ಒಂದೂ ಇಲ್ಲಾಂದ್ರೆ ಆ ಸಾಲನ್ನೂ ಮುಚ್ಚಿಡ್ತದೆ. ನೀವು ಆ ಹೂವು ಎಸೀತೀರೇನು?”

“ಶಿವಶಿವಾ, ಎಸೆಯೋದುಂಟಾ! ಪತ್ರೆ ಗಿಡದ ಬುಡಕ್ಕೆ ಹಾಕ್ತೇನೆ.”

“ಇದೂ ಹಂಗೇ, ಬುಡದಾಗೆ ಇರ್ತದೆ. ಏಳು ದಿನ ಆದ್ಮೇಲೆ ಮಾತ್ರ ಗೊಬ್ಬರ. ಜಾಗ ಸಾಲದು ಅಂತ ಹಂಗೆ ಬರೆದಿಟ್ಟೀನಿ.”

ಏಳು ದಿನ! ಬೆರಳು ಮಡಿಸಿ ಎಣಿಸಿದೆ. ಐದನೆಯ ದಿನಕ್ಕೇ ನನ್ನ ಬಾಯಿ ಬಿಡಿಸಿದ್ದ ಶಿವ. ಗಿರಿಜಾ ಸಂದರ್ಶನಕ್ಕೆ ಹೋದಳು, ಕೆಲಸವೂ ಆಯಿತು. ಹೋಗುವ ಮುಂಚೆ ಕಾಗದ ತೆಗೆಯುವುದು, ಉತ್ತರ ಬರೆಯುವುದು, ಮುಚ್ಚಿಟ್ಟದ್ದನ್ನು ಮತ್ತೆ ತೆರೆಯುವುದು ಎಲ್ಲವನ್ನೂ ನನಗೆ ಕಲಿಸಿಕೊಟ್ಟಳು. ಎಂಟರ್ ಒತ್ತುವುದನ್ನೂ. ಮುಂದೊಮ್ಮೆ ಆವರಣವೊಂದು ಅಳಿಸಿಹೋಗಿ ಯಂತ್ರ ಮುನಿದಾಗ, ಹೂಮಾಲೆಯಲ್ಲಿ ಜೋಡಿ ಎಣಿಸುವ ಹಾಗೆ ಎಣಿಸಿ ನಾನೇ ಹುಡುಕಿ ಸರಿಮಾಡಿದೆ. ಅಂದಿನಿಂದ ರಾತ್ರಿ ಮಲಗುವಾಗ ಶಿವನ ಕರುಣೆಗಳನ್ನು ನೆನೆಯುವಲ್ಲಿ ಆ ಐದನೆಯ ದಿನವನ್ನು ನಾನು ಬಿಟ್ಟವಳಲ್ಲ.

ಈಗ ಕೇಳಿ, ಇವತ್ತು ಅವಳು ಓದಿದ್ದು ಇದು: “ಬುಧವಾರ ಸಂಜೆ. ಕೆಲಸದ ಕಾಗದ ಬಂದಿದೆ. ಆಗಲೇ ಓದಿದ ಕಾಗದ. ಅಳಿಯದಂತೆ ಗುರುತು ಹಾಕಿದೆ. ಬರುತ್ತೇನೆಂದು ಉತ್ತರವನ್ನೂ ಕಳಿಸಿದೆ. ಅತ್ತಿಗೆ ತಾವೇ ಹೇಳಲಿ.”

ನಾನು ಫೋನನ್ನು ಇನ್ನೊಂದು ಕಿವಿಗೆ ಇಟ್ಟುಕೊಂಡೆ. “ಆ ಆಶ್ಚರ್ಯದ ಚಿಹ್ನೆ…”

“ನಾನೇ ಹಾಕಿದ್ದು. ಅದಿದ್ರೆ ಏಳು ದಿನ ಅಲ್ಲ, ಏಳು ವರ್ಷ ಆದ್ರೂ ಹೋಗಲ್ಲ.”

“ಬುಧವಾರವೇ ಗೊತ್ತಿತ್ತನೇ? ಎರಡು ದಿನ ನಂಗೆ ಅನ್ನ ಸೇರಿರಲಿಲ್ಲ ಮಾರಾಯ್ತಿ!”

“ಅನ್ನ ನಿಮಗೆ ಸೇರಲಿಲ್ಲ, ಸರಿ. ನಿಮ್ಮ ಸಾರು ನಮಗೆ ಯಾರಿಗೂ ಸೇರಲಿಲ್ಲ. ಎರಡೂ ದಿನ ಉಪ್ಪೇ ಹಾಕಿರಲಿಲ್ಲ ನೀವು!” ಎಂದು ನಕ್ಕಳು. ಆಮೇಲೆ ಮೆಲ್ಲಗೆ ಹೇಳಿದಳು: “ನಾನಾಗಿ ಕೇಳಿದ್ರೆ ನಿಮ್ಮನ್ನ ಸುಳ್ಳಿ ಮಾಡಿದಂಗೆ ಆಗ್ತಿತ್ತು. ನೀವು ಹೇಳ್ತೀರಿ ಅಂತ ಗೊತ್ತಿತ್ತು ನಂಗೆ.”

ಇಷ್ಟು ವರ್ಷ ಶಿವನೊಬ್ಬನಿಗೇ ಕೈಮುಗಿದೆನಲ್ಲ ಎಂದುಕೊಂಡೆ. ಅವನು ಆ ಸಂಜೆ ಕೆಸರು ಸೀರೆಯಲ್ಲಿ ಬಂದು ಸದ್ದಿಲ್ಲದೆ ಒಂದು ಗುರುತು ಹಾಕಿ ಹೋಗಿದ್ದು ನನಗೆ ತಿಳಿದಿರಲೇ ಇಲ್ಲ.

ಫೋನಿಟ್ಟು, ಬುಟ್ಟಿಯ ಹೂವನ್ನು ಪತ್ರೆ ಗಿಡದ ಬುಡಕ್ಕೆ ಹಾಕಿ ಬಂದೆ. ಒಳಗೆ ಸಾರು ಕುದಿಯುತ್ತಿತ್ತು. ಸೌಟಿನಲ್ಲಿ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ರುಚಿ ನೋಡಿದೆ. ಉಪ್ಪು ಹಾಕಿರಲಿಲ್ಲ. ಹಾಕಿದೆ.