ಬಾನುಬಿಯ ಹಳೆಯ ಡಿಸ್ಕು

ಸವಣೂರಿನ ಬಾನುಬಿ ಯಾರನ್ನೂ ಪೂರ್ತಿ ನಂಬುವವಳಲ್ಲ. ಹಾಲಿನವಳ ಎದುರಿಗೇ ಹಾಲಿನಲ್ಲಿ ಬೆರಳದ್ದಿ ನೋಡುತ್ತಿದ್ದಳು. ಮನೆಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಒಮ್ಮೆ ಜಗ್ಗಿ ನೋಡುತ್ತಿದ್ದಳು. ಹದಿನಾರನೆಯ ವಯಸ್ಸಿನಲ್ಲಿ ಜರಿ ಕೆಲಸಕ್ಕೆ ಕುಳಿತಿದ್ದಾಗ ಅವಳು ಕಾಗದದ ಮೇಲೆ ಬರೆದ ಮೊದಲ ನವಿಲನ್ನು ಪಕ್ಕದಲ್ಲಿ ಕೂತವಳೊಬ್ಬಳು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಿದ್ದಳು. ಮೂವತ್ತು ವರ್ಷ ಕಳೆದರೂ ಆ ಸೆರಗಿನ ಬಣ್ಣ ಬಾನುಬಿಗೆ ನೆನಪಿತ್ತು.

ಈಗ ಅವಳ ಮನೆಯ ಮುಂಗೋಣೆಯಲ್ಲಿ ಕಂಪ್ಯೂಟರ್ ಕಸೂತಿಯ ಯಂತ್ರವಿದೆ. ಜಂಪರಿನ ತೋಳಿಗೆ, ಬೆನ್ನಿಗೆ ಹೊಲಿಯುವ ಬಳ್ಳಿ, ಹಕ್ಕಿ, ಮಾವಿನಕಾಯಿಗಳನ್ನು ಉಳಿದವರು ಸಿದ್ಧವಾಗಿ ಕೊಂಡು ತಂದರೆ, ಬಾನುಬಿ ತಾನೇ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಹನ್ನೊಂದು ವರ್ಷದ ಮೂರು ಸಾವಿರ ವಿನ್ಯಾಸಗಳು ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದವು. ಹೋದ ವರ್ಷ ಆ ಡಿಸ್ಕು ಕಟಕಟ ಸದ್ದು ಮಾಡಲು ಶುರು ಮಾಡಿತು. ಶಿಗ್ಗಾವಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಲೋಹಿತ ಹೊಸ ಡಿಸ್ಕು ಕೂರಿಸಿ, ಬೇಕಾದ ಫೈಲುಗಳನ್ನೆಲ್ಲ ಅದಕ್ಕೆ ತುಂಬಿಕೊಟ್ಟ. ಹಳೆಯದನ್ನು ಬದಲಿಗೆ ತನಗೇ ಬಿಡಬೇಕೆಂದ. ಬಾನುಬಿ ಸುಮ್ಮನೆ ಬಿಡಲಿಲ್ಲ. ಎದುರಿಗೇ ಫಾರ್ಮ್ಯಾಟ್ ಮಾಡಿಸಿ, ಪರದೆಯ ಮೇಲೆ ಡಿಸ್ಕು ಖಾಲಿ ಇದ್ದುದನ್ನು ಕಣ್ಣಾರೆ ನೋಡಿಯೇ ಎದ್ದಳು.

ಅದಾದ ಮರುತಿಂಗಳು ಯಲವಿಗಿಯ ಅಂಕಿತಾ ಕೆಲಸಕ್ಕೆ ಸೇರಿದಳು. ಇಪ್ಪತ್ತಮೂರರ ಹುಡುಗಿ, ಮಾತು ಕಡಿಮೆ. ದಾರ ಹರಿಯುವ ಮೊದಲೇ ಯಂತ್ರದ ಸದ್ದಿನಿಂದ ಗುರುತಿಸುವಷ್ಟು ಚುರುಕು. ಎಂಟು ತಿಂಗಳು ಸರಾಗವಾಗಿ ನಡೆಯಿತು.

ಒಂದು ದಿನ ಹಾನಗಲ್ಲಿನ ಬಸ್ ನಿಲ್ದಾಣದಲ್ಲಿ, ಮುಂದೆ ನಿಂತ ಹೆಂಗಸಿನ ಬೆನ್ನ ಮೇಲೆ ಬಾನುಬಿ ತಾನು ಕಂಪ್ಯೂಟರಿನಲ್ಲಿ ಬರೆದ ನವಿಲನ್ನೇ ಕಂಡಳು. ಆ ಜಂಪರು ಅವಳ ಮನೆಯಲ್ಲಿ ಹೊಲಿದದ್ದಲ್ಲ, ದಾರದ ಹೊಳಪೇ ಬೇರೆ. ಎಲ್ಲಿ ಹೊಲಿಸಿದಿರಿ ಎಂದು ಕೇಳಿದರೆ, ನೆಂಟರು ಕೊಟ್ಟದ್ದು, ಗೊತ್ತಿಲ್ಲ ಎಂದಳು ಆಕೆ.

ಮನೆ ಮುಟ್ಟುವುದರೊಳಗೆ ಬಾನುಬಿಯ ತಲೆಯಲ್ಲಿ ಕಳ್ಳಿ ಯಾರೆಂಬುದು ಗಟ್ಟಿಯಾಗಿತ್ತು. ಕಂಪ್ಯೂಟರಿನ ಹತ್ತಿರ ಕೂರುವವರು ಇಬ್ಬರೇ. ಪೆನ್ ಡ್ರೈವ್ ಹಾಕುವ ಕಿಂಡಿಗೆ ಅವಳು ಟೇಪು ಅಂಟಿಸಿ, ಕಿತ್ತರೆ ತಿಳಿಯಲೆಂದು ಅದರ ಅಂಚಿನ ಮೇಲೆ ಪೆನ್ನಿನಿಂದ ಸಣ್ಣ ಗೆರೆ ಎಳೆದಳು. ಪಾಸ್‌ವರ್ಡ್ ಬದಲಿಸಿದಳು. ಅಂಕಿತಾ ಊಟದ ಡಬ್ಬಿ ತೆರೆದರೆ ಇವಳು ಅದರೊಳಗೆ ಇಣುಕುವಳು. ಯಾವ ಫೈಲನ್ನು ಯಾವಾಗ ತೆರೆದರೆಂದು ಕಂಪ್ಯೂಟರಿನಲ್ಲಿ ನೋಡಿ ಚೀಟಿಯಲ್ಲಿ ಬರೆದಿಡುವಳು. ಟೇಪು ಹಾಗೇ ಇತ್ತು, ಗೆರೆ ಕದಲಿರಲಿಲ್ಲ. ಅದರಿಂದ ಅನುಮಾನ ಕಡಿಮೆಯಾಗುವ ಬದಲು, ಹುಡುಗಿ ಎಷ್ಟು ಜಾಣೆ ಎಂಬ ಸಿಟ್ಟು ಹೆಚ್ಚಿತು. ಕೊನೆಗೆ ಫೋನ್ ತೋರಿಸೆಂದು ಕೈಚಾಚಿದಳು.

ಅಂಕಿತಾ ಫೋನನ್ನು ಮೇಜಿನ ಮೇಲಿಟ್ಟಳು. "ನೋಡ್ರಿ ಅಕ್ಕಾರ, ಎಲ್ಲಾ ನೋಡ್ರಿ. ಆದ್ರ ನಾಳಿಂದ ನಾ ಬರೂದಿಲ್ಲ."

ಫೋನಿನಲ್ಲಿ ಏನೂ ಸಿಗಲಿಲ್ಲ. ಹುಡುಗಿ ಮರುದಿನ ಬರಲಿಲ್ಲ.

ಹದಿನೈದು ದಿನದ ಮೇಲೆ ಬಾನುಬಿ ತಿಳವಳ್ಳಿಗೆ ಒಂದು ಮದುವೆಗೆ ಹೋದಳು. ಊಟದ ಪಂಕ್ತಿಯಲ್ಲಿ ಬಡಿಸುತ್ತಿದ್ದವಳ ತೋಳ ಮೇಲೆ ಒಂದು ಬಳ್ಳಿಯಿತ್ತು, ಅದರ ಏಳನೆಯ ಎಲೆ ತಿರುಗುಮುರುಗಾಗಿತ್ತು. ಆ ಎಲೆ ಬಾನುಬಿಯದೇ ತಪ್ಪು. ನಾಲ್ಕು ವರ್ಷದ ಹಿಂದೆ ಬಳ್ಳಿ ಬರೆಯುವಾಗ ಹಾಗಾಗಿತ್ತು. ತಿದ್ದಿದ್ದನ್ನೇ ಹೊಲಿದು, ತಪ್ಪಾದ ಫೈಲನ್ನು ಒಂದು ಮೂಲೆಯಲ್ಲಿ ಬಿಟ್ಟಿದ್ದಳು. ಹೊಸ ಡಿಸ್ಕಿಗೆ ಅದನ್ನು ತುಂಬಿಸಿಯೇ ಇರಲಿಲ್ಲ. ಅಂದಮೇಲೆ ಅಂಕಿತಾ ಅದನ್ನು ನೋಡಿರಲು ಸಾಧ್ಯವಿಲ್ಲ. ಅದು ಇದ್ದದ್ದು ಹಳೆಯ ಡಿಸ್ಕಿನಲ್ಲಿ ಮಾತ್ರ. ಆ ಡಿಸ್ಕು ಖಾಲಿಯಾದದ್ದನ್ನು ಅವಳೇ ನೋಡಿದ್ದಳು.

ಮರುದಿನವೇ ಶಿಗ್ಗಾವಿಗೆ ಹೋದಳು. ಕೂಗಾಡಲಿಲ್ಲ. ನೆಂಟರದೊಂದು ಡಿಸ್ಕು ತಪ್ಪಿ ಫಾರ್ಮ್ಯಾಟ್ ಆಗಿದೆ, ಅದರಲ್ಲಿದ್ದದ್ದು ತಿರುಗಿ ಸಿಗುತ್ತದೆಯೇ ಎಂದು ಮುಗ್ಧಳ ಹಾಗೆ ಕೇಳಿದಳು. ಲೋಹಿತ ಹುರುಪಿನಿಂದ ಕುರ್ಚಿ ಎಳೆದು ಕೂರಿಸಿದ.

"ಫಾರ್ಮ್ಯಾಟ್ ಅಂದ್ರ ಅಳಿಸೂದಲ್ಲರಿ ಅಕ್ಕಾರ. ಪುಸ್ತಕದ ಮುಂದಿನ ಪರಿವಿಡಿ ಹಾಳಿ ಹರದಂಗ ಅಷ್ಟ. ಒಳಗಿನ ಹಾಳಿ ಹಂಗ ಇರ್ತಾವ. ಮ್ಯಾಲ ಬ್ಯಾರೆ ಏನರ ಬರದ್ರ ಮಾತ್ರ ಹೋಗ್ತಾವ. ತರ್ರಿ, ತೆಗದು ಕೊಡ್ತೇನಿ."

"ಹಂಗಾರ ನನ್ನ ಹಳೇ ಡಿಸ್ಕಿನ್ಯಾಗಿಂದೂ ತೆಗದೀಯೇನಪ?"

ಲೋಹಿತ ಮೌಸು ಬಿಟ್ಟು ಕುರ್ಚಿ ಹಿಂದೆ ಸರಿಸಿದ. ಮೊದಲು ಇಲ್ಲವೆಂದ. ಬಾನುಬಿ ಎದ್ದು ಹೋಗದೆ ಕೂತೇ ಇದ್ದಳು. ಗಿರಾಕಿಗಳು ಇಬ್ಬರು ಬಂದರು, ಇವಳನ್ನು ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಅವನು ಒಪ್ಪಿಕೊಂಡ. ಹಿರೇಕೆರೂರಿನ ವೀರವ್ವ ಎಂಬಾಕೆ ಕಸೂತಿ ಕೆಲಸಕ್ಕೆಂದು ಹಳೆಯ ಕಂಪ್ಯೂಟರ್ ಕೇಳಿದ್ದಳು. ವಿನ್ಯಾಸಗಳೂ ಜತೆಗಿದ್ದರೆ ಬೇಗ ಮಾರಾಟವಾದೀತೆಂದು ಅವನು ಬಾನುಬಿಯ ಡಿಸ್ಕಿನಿಂದ ಎಲ್ಲವನ್ನೂ ಎತ್ತಿ ಆ ಕಂಪ್ಯೂಟರಿಗೆ ತುಂಬಿಕೊಟ್ಟಿದ್ದ.

ಬಾನುಬಿ ಅವನನ್ನು ಎಬ್ಬಿಸಿಕೊಂಡೇ ಹಿರೇಕೆರೂರಿಗೆ ಹೊರಟಳು. ವೀರವ್ವ ಅರವತ್ತು ದಾಟಿದವಳು. ವಿನ್ಯಾಸಗಳು ಕಂಪ್ಯೂಟರಿನ ಜತೆಗೇ ಬರುತ್ತವೆಂದು ತಿಳಿದಿದ್ದಳಂತೆ. ಆ ಮಾತು ನಿಜವೋ ನಟನೆಯೋ ಬಾನುಬಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಲೋಹಿತ ತನ್ನ ಖರ್ಚಿನಲ್ಲಿ ಬೇರೆ ಡಿಸ್ಕು ಕೂರಿಸಿ, ವೀರವ್ವನ ಸ್ವಂತ ಫೈಲುಗಳನ್ನು ಅದಕ್ಕೆ ವರ್ಗಾಯಿಸಿದ. ತನ್ನದೊಂದೂ ಜತೆಗೆ ಜಾರಬಾರದೆಂದು ಬಾನುಬಿ ಒಂದೊಂದನ್ನೂ ತೆರೆಸಿ ನೋಡಿದಳು, ಸಂಜೆಯಾಯಿತು. ವೀರವ್ವನ ಕಂಪ್ಯೂಟರಿನಿಂದ ತೆಗೆದ ಡಿಸ್ಕನ್ನೂ, ಲೋಹಿತನ ಅಂಗಡಿಯಲ್ಲೇ ಉಳಿದಿದ್ದ ತನ್ನ ಹಳೆಯ ಡಿಸ್ಕನ್ನೂ ಚೀಲಕ್ಕೆ ಹಾಕಿಕೊಂಡು ಬಂದು, ಹಿತ್ತಲಿನ ಕಲ್ಲಿನ ಮೇಲಿಟ್ಟು, ಒಳಗಿನ ತಟ್ಟೆಗಳು ಚೂರಾಗುವವರೆಗೆ ಸುತ್ತಿಗೆಯಿಂದ ಬಡಿದಳು.

ಯಲವಿಗಿಗೆ ಹೋಗಲು ಮತ್ತೆ ನಾಲ್ಕು ದಿನ ಬೇಕಾಯಿತು. ಅಂಕಿತಾಳ ತಾಯಿ ನೀರು ಕೊಟ್ಟು ಒಳಗೆ ಹೋದಳು. ಬಾನುಬಿ ನಡೆದದ್ದನ್ನೆಲ್ಲ ಹೇಳಿದಳು.

"ಕಳುವು ನನ್ನ ಕೈಯಾಗಿಂದನ ಆಗಿತ್ತವ್ವಾ. ನಾ ನಿನ್ನ ಡಬ್ಬ್ಯಾಗೂ ಇಣುಕಿ ನೋಡಿದೆ."

ಅಂಕಿತಾ ಖಾಲಿಯಾದ ನೀರಿನ ಲೋಟ ಎತ್ತಿಟ್ಟಳು. "ಬರ್ತೇನಿ. ಆದ್ರ ಪಾಸ್‌ವರ್ಡ್ ನನಗೂ ಗೊತ್ತಿರಬೇಕ್ರಿ."

ಹೊರಗೆ ಯಾರಾದರೂ ನಿಂತಿದ್ದಾರೆಯೇ ಎಂದು ಬಾಗಿಲ ಕಡೆ ನೋಡಿ, ಬಾನುಬಿ ತಗ್ಗಿದ ದನಿಯಲ್ಲಿ ಪಾಸ್‌ವರ್ಡ್ ಹೇಳಿದಳು.

ಅಂಕಿತಾ ಈಗಲೂ ಅಲ್ಲೇ ಕೆಲಸ ಮಾಡುತ್ತಾಳೆ. ಫೋನನ್ನು ಮಾತ್ರ ಬಂದೊಡನೆ ತಾನಾಗಿಯೇ ಬಾಗಿಲ ಬಳಿಯ ಗೂಡಿನಲ್ಲಿ ಇಟ್ಟುಬಿಡುತ್ತಾಳೆ. ಹಾಗೆ ಮಾಡಬೇಡವೆಂದು ಬಾನುಬಿ ಹೇಳಿದ್ದಾಳೆ. ಹುಡುಗಿ ಕೇಳುವುದಿಲ್ಲ.