ಫಕ್ಕೀರಪ್ಪ ಸರ್ ಅವರ ಬ್ಯಾಟರಿ

ತಿಂಗಳ ಮೊದಲ ಶನಿವಾರ ಪ್ರಾರ್ಥನೆ ಮುಗಿದ ಕೂಡಲೇ ಫಕ್ಕೀರಪ್ಪ ಸರ್ ತಮ್ಮ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಸುಗೂಸಿನಂತೆ ಹಿಡಿದು ನನ್ನ ಮೇಜಿಗೆ ಬರುತ್ತಿದ್ದರು. ಸುತ್ತಿದ ಟವೆಲ್ಲು ಬಿಚ್ಚಿ, ತಾವೇ ಕೀಲಿಗಳನ್ನೊತ್ತಿ ಬ್ಯಾಟರಿಯ ವರದಿ ತೆಗೆದು, ಪರದೆಯನ್ನು ನನ್ನ ಕಡೆ ತಿರುಗಿಸುತ್ತಿದ್ದರು.

“ಹೇಳ್ರಿ ಅಕ್ಕೋರ, ಹುಟ್ಟಿದಾಗ ಎಷ್ಟಿತ್ತು, ಈಗ ಎಷ್ಟೈತಿ?”

ಆ ವರದಿಯಲ್ಲಿ ಅವರಿಗೆ ಬೇಕಾಗಿದ್ದದ್ದು ಎರಡೇ ಅಂಕಿ. ಬ್ಯಾಟರಿ ಹೊಸದಿದ್ದಾಗ ಎಷ್ಟು ವಿದ್ಯುತ್ತು ಹಿಡಿಯುತ್ತಿತ್ತು ಎನ್ನುವುದು ಒಂದು, ಸವೆದ ಮೇಲೆ ಈಗ ಎಷ್ಟು ಹಿಡಿಯುತ್ತದೆ ಎನ್ನುವುದು ಇನ್ನೊಂದು. ಅವರಿಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಅವರ ಲ್ಯಾಪ್‌ಟಾಪಿನೊಳಗೆ ಬರಹವನ್ನು ಓದಿ ಹೇಳುವ ಒಂದು ದನಿ ಇತ್ತು. ಕನ್ನಡದ ಪಾಠಗಳನ್ನು ಅದು ಸಲೀಸಾಗಿ ಓದುತ್ತಿತ್ತು, ಆದರೆ ಈ ವರದಿಯ ಕೋಷ್ಟಕಕ್ಕೆ ಬಂದರೆ ತೊದಲಿ ನಿಲ್ಲುತ್ತಿತ್ತು. ಹಾಗಾಗಿ ನಾನು ಓದಬೇಕು. ನಲವತ್ತೆಂಟು ಸಾವಿರ, ನಲವತ್ತೊಂದು ಸಾವಿರದ ಚಿಲ್ಲರೆ ಎಂದು ನಾನು ಹೇಳಿ ಮುಗಿಸುವುದರೊಳಗೆ ಅವರು ಶೇಕಡಾ ಲೆಕ್ಕ ಮಾಡಿರುತ್ತಿದ್ದರು.

“ನೂರಕ್ಕ ಎಂಬತ್ತಾರು. ಹ್ವಾದ ತಿಂಗಳಕಿಂತ ಅರ್ಧ ಕಡಿಮಿ. ವಯಸ್ಸಾಗಾಕತ್ತೈತಿ. ಆಗ್ಲಿ ಬಿಡ್ರಿ, ನನಗೂ ಆಗಾಕತ್ತೈತಿ.”

ಗಣಿತ ಕಲಿಸುತ್ತಿದ್ದವಳು ನಾನು. ಆ ಒಂದು ಕಾರಣಕ್ಕೇ ಅಕ್ಕಿಆಲೂರಿನ ಹತ್ತಿರದ ಆ ಪ್ರೌಢಶಾಲೆಯಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ನನ್ನ ತಲೆಗೆ ಬಿದ್ದಿತ್ತು. ಅವರದು ಸಮಾಜ ವಿಜ್ಞಾನ. ಯಾರಾದರೂ ಮರುಕದಿಂದ ತೋಳು ಹಿಡಿದರೆ “ನನ್ನ ಕಾಲು ಛಲೋ ಅದಾವ್ರಿ, ಕೈ ಬಿಡ್ರಿ” ಎಂದು ಕೊಸರಿಕೊಳ್ಳುವ ಮನುಷ್ಯ. ಅಂಗಿಯ ಇಸ್ತ್ರಿ ಗೆರೆ ನೇರವಾಗಿದೆಯೇ ಎಂದು ಬೆರಳಿನಿಂದಲೇ ಪರೀಕ್ಷಿಸುವಷ್ಟು ಶೋಕಿ. ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ, ಆದರೂ ಅವರು ಪಾಠ ಮುಗಿಸಿ ನೀರು ಕುಡಿಯುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಗುತ್ತಿತ್ತು. “ಹೊತ್ತು ನನ್ನ ಮೈಯಾಗ ಐತ್ರಿ” ಎನ್ನುತ್ತಿದ್ದರು. ಅದೊಂದು ಅವರ ದೊಡ್ಡ ಅಭಿಮಾನ.

ವೀರಗಲ್ಲುಗಳೆಂದರೆ ಅವರಿಗೆ ಪ್ರಾಣ. ಕೆರೆಯ ಏರಿಯ ಮೇಲಿದ್ದ ಕಲ್ಲಿನ ಹತ್ತಿರ ಮಕ್ಕಳನ್ನು ಕರೆದೊಯ್ದು, ಎಲ್ಲರಿಗೂ ಕಣ್ಣು ಮುಚ್ಚಿಸಿ, ಒಬ್ಬೊಬ್ಬರ ಕೈಯನ್ನೂ ಕಲ್ಲಿನ ಮೇಲೆ ಆಡಿಸುತ್ತಿದ್ದರು. “ಇಲ್ಲಿ ಕುದರಿ ಕಾಲು. ಇಲ್ಲಿ ಕತ್ತಿ. ಸತ್ತಾನ ನೋಡ್ರಿ, ಈಗ ಮ್ಯಾಲ ಒಯ್ಯಾಕತ್ತಾರ.” ಎಷ್ಟೋ ವರ್ಷ ಆ ಕಲ್ಲಿನ ಮುಂದೆಯೇ ಹಾದುಹೋಗಿದ್ದ ನಾನು ಅದನ್ನು ಮೊದಲ ಸಲ ನೋಡಿದ್ದು ಹೀಗೆ, ಕಣ್ಣು ಮುಚ್ಚಿಕೊಂಡು.

ನಮ್ಮ ಶಾಲೆಗೆ ಯಾರೋ ದಾನಿಗಳು ಒಂದೇ ದಿನ ಕೊಟ್ಟಿದ್ದ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಅವರದು, ಇನ್ನೊಂದು ನನ್ನದು. ಒಂದೇ ಕಂಪನಿ, ಒಂದೇ ಮಾದರಿ. ಅವರು ತಮ್ಮದನ್ನು ಇಪ್ಪತ್ತಕ್ಕಿಂತ ಕೆಳಗೆ ಇಳಿಸುತ್ತಿರಲಿಲ್ಲ, ಎಂಬತ್ತು ದಾಟಿಸುತ್ತಿರಲಿಲ್ಲ, ಬಿಸಿಲಿಗೆ ಇಡುತ್ತಿರಲಿಲ್ಲ. ನನ್ನದು ಹಗಲೆಲ್ಲ ಚಾರ್ಜರಿಗೇ ಅಂಟಿಕೊಂಡು, ಪಡುವಣ ಕಿಟಕಿಯ ಬಿಸಿಲಲ್ಲಿ, ಹಾಜರಿ ಪುಸ್ತಕಗಳ ಕೆಳಗೆ ಬೇಯುತ್ತಿತ್ತು. ಒಂದು ದಿನ ನನ್ನದರ ವರದಿಯನ್ನೂ ತೆಗೆದು ನೋಡಿದೆ. ನೂರಕ್ಕೆ ನಲವತ್ತು. ಕರೆಂಟು ಹೋದರೆ ಅರ್ಧ ತಾಸೂ ನಿಲ್ಲುತ್ತಿರಲಿಲ್ಲ.

ಅದು ಮಕ್ಕಳ ವಿವರಗಳನ್ನೆಲ್ಲ ಇಲಾಖೆಗೆ ತುಂಬಿ ಕಳಿಸಬೇಕಾದ ವಾರ. ಎರಡು ಸಲ ಕರೆಂಟು ಹೋಗಿ, ತುಂಬಿದ್ದೆಲ್ಲ ಅಳಿಸಿಹೋಯಿತು. ಹೆಡ್‌ಮಾಸ್ತರು ಎಲ್ಲರ ಎದುರು, “ಇಷ್ಟು ಆಗೂದಿಲ್ಲಂದ್ರ ಯಾಕ ಒಪ್ಕೊಂಡ್ರಿ?” ಎಂದರು. ಆ ಮಧ್ಯಾಹ್ನ ಫಕ್ಕೀರಪ್ಪ ಸರ್ ತರಗತಿಯಲ್ಲಿದ್ದಾಗ ನಾನು ಅವರ ಟವೆಲ್ಲು ಬಿಚ್ಚಿದೆ. ತಳದ ಎರಡು ಕೊಂಡಿ ಸರಿಸಿದರೆ ಬ್ಯಾಟರಿ ಕೈಗೇ ಬರುತ್ತಿತ್ತು. ಅವರದನ್ನು ನನಗೆ ಹಾಕಿಕೊಂಡು, ನನ್ನದನ್ನು ಅವರಿಗೆ ಹಾಕಿ, ಟವೆಲ್ಲನ್ನು ಮೊದಲಿನಂತೆಯೇ ಸುತ್ತಿಟ್ಟೆ. ಒಂದು ದಿನದ ಮಟ್ಟಿಗೆ ಎಂದುಕೊಂಡಿದ್ದೆ.

ಕೆಲಸ ಮುಗಿಯಿತು. ಹೆಡ್‌ಮಾಸ್ತರು ಹೊಗಳಿದರು. ನಾಳೆ ಬದಲಿಸಿದರಾಯಿತು ಎನ್ನುತ್ತಲೇ ಮೊದಲ ಶನಿವಾರ ಬಂದುಬಿಟ್ಟಿತು.

“ಹೇಳ್ರಿ ಅಕ್ಕೋರ.”

ಪರದೆಯ ಮೇಲೆ ನನ್ನ ಬ್ಯಾಟರಿಯ ಹತ್ತೊಂಬತ್ತು ಸಾವಿರ ಇತ್ತು. ನಾನು ನಲವತ್ತೊಂದು ಸಾವಿರ ಎಂದೆ. ಮುಂದಿನ ತಿಂಗಳು ನಂಬಿಕೆ ಬರಲೆಂದು ಒಂದಿಷ್ಟು ಇಳಿಸಿ ಹೇಳಿದೆ. ಅದರ ಮುಂದಿನ ತಿಂಗಳು ಇನ್ನೊಂದಿಷ್ಟು. ಅವರು ಪ್ರತಿ ಸಲವೂ ಶೇಕಡಾ ಲೆಕ್ಕ ಮಾಡಿ ತಲೆಯಾಡಿಸುತ್ತಿದ್ದರು.

“ಆದ್ರ ಅಕ್ಕೋರ,” ಎಂದರು ಒಮ್ಮೆ, “ಮೊದಲ ಎರಡು ತಾಸು ಬರ್ತಿತ್ತು. ಈಗ ಅರ್ಧ ಪಿರಿಯಡ್ ಆಗೂದ್ರಾಗ ಅರ್ಧ ಆತು ಅಂತೈತಿ. ಯಾಕಿರಬೇಕು?”

“ಅಂಕಿ ಬರೋಬ್ಬರಿ ಐತಲ್ರಿ ಸರ್. ಪರ್ಸೆಂಟ್ ತೋರಸೂದ ತಪ್ಪಿರಬೇಕು. ಒಮ್ಮಿ ಪೂರ್ತಿ ಖಾಲಿ ಮಾಡಿ ತುಂಬಸ್ರಿ. ಇಲ್ಲಾಂದ್ರ ನೀವ ಹಾಡು ಕೇಳ್ಕೋತ ಹೊತ್ತು ಮರತಿರ್ತೀರಿ.”

ಅದನ್ನು ನಾನು ನಗುತ್ತಲೇ ಹೇಳಿದ್ದೆ. ಅವರು ನಗಲಿಲ್ಲ. ನಾನು ಹೇಳಿದಂತೆಯೇ ಖಾಲಿ ಮಾಡಿ ತುಂಬಿಸಿಕೊಂಡು ಬಂದರು.

ಹಾನಗಲ್ಲಿನಲ್ಲಿ ತಾಲ್ಲೂಕಿನ ಶಿಕ್ಷಕರ ತರಬೇತಿ ಇತ್ತು. ವೀರಗಲ್ಲುಗಳ ಬಗ್ಗೆ ಮಾತಾಡಲು ಅವರನ್ನು ಕರೆದಿದ್ದರು. ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡು, ಟಿಪ್ಪಣಿಯನ್ನು ಲ್ಯಾಪ್‌ಟಾಪಿನ ದನಿಯಿಂದ ಕೇಳಿಕೊಳ್ಳುತ್ತ, ಗೋಡೆಯ ಮೇಲೆ ಚಿತ್ರ ಬದಲಿಸುತ್ತ ಮಾತಾಡುವುದು ಅವರ ರೀತಿ. ಅವತ್ತು ಅವರು ಹೊಸ ಅಂಗಿ ತೊಟ್ಟಿದ್ದರು. ಮಾತು ಶುರುವಾದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು, ಗೋಡೆಯ ಚಿತ್ರ ಆರಿತು.

“ಹೋಗ್ಲಿ ಬಿಡ್ರಿ, ಚಿತ್ರ ನನಗೂ ಕಾಣೂದಿಲ್ಲ, ಇನ್ನ ನಿಮಗೂ ಕಾಣೂದಿಲ್ಲ,” ಎಂದರು. ಸಭೆ ನಕ್ಕಿತು. “ನಂದು ಎರಡು ತಾಸು ನಡೀತೈತಿ.”

ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಗಡಿಯಾರ ನೋಡುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ ಅವರು ಒಂದು ಶಾಸನದ ಸಾಲು ಹೇಳುತ್ತಿದ್ದವರು ನಡುವೆಯೇ ನಿಂತರು. ಕೀಲಿ ಒತ್ತಿದರು. ಮತ್ತೆ ಒತ್ತಿದರು. ಇಯರ್‌ಫೋನ್ ತೆಗೆದು ಊದಿ ಹಾಕಿಕೊಂಡರು. ಮುಂದಿನ ಸಾಲಿನಲ್ಲಿ ಯಾರೋ “ಪಾಪ” ಎಂದರು. ಆಮೇಲೆ ಒಬ್ಬರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಅದು ಮರುಕದ ಚಪ್ಪಾಳೆ ಎಂದು ಅವರಿಗೆ ತಿಳಿಯದೆ ಇರಲಿಲ್ಲ. ವೇದಿಕೆಯಿಂದ ಇಳಿಯುವಾಗ ಸಂಘಟಕರು ತೋಳು ಹಿಡಿದರು. ಅವತ್ತು ಅವರು ಕೊಸರಿಕೊಳ್ಳಲಿಲ್ಲ.

ಮರಳುವ ಬಸ್ಸು ಅಕ್ಕಿಆಲೂರಿನ ಹತ್ತಿರ ಬಂತು. ಅವರು ಮೆಲ್ಲಗೆ ಅಂದರು:

“ಅಕ್ಕೋರ, ಒಂದು ತಪ್ಪು ಒಪ್ಕೋತೇನಿ. ಅಲ್ಲಿ ನಿಂತಾಗ ಒಂದು ಗಳಿಗಿ ನಿಮ್ಮ ಮ್ಯಾಲ ಸಂಶಯ ಬಂತು. ಅಂಕಿ ತಪ್ಪು ಓದ್ಯಾರೇನೋ ಅಂತ. ಮನಸ್ಸಿಗೆ ಹಚ್ಕೋಬ್ಯಾಡ್ರಿ.”

ಅವರ ಪಕ್ಕದಲ್ಲೇ ಕೂತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಮತ್ತೆ ಸಿಗಲಿಲ್ಲ. ನಾನು “ಇರ್ಲಿ ಬಿಡ್ರಿ ಸರ್” ಎಂದೆ. ಕ್ಷಮಿಸಿದವಳ ಹಾಗೆ.

ಸೋಮವಾರ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ, ಬಸ್ಸಿಳಿದು ಅವರು ಕಪಾಟಿನಲ್ಲಿಟ್ಟು ಹೋಗಿದ್ದ ಲ್ಯಾಪ್‌ಟಾಪು ತೆಗೆದು ಬ್ಯಾಟರಿಗಳನ್ನು ಮತ್ತೆ ಬದಲಿಸಿಟ್ಟೆ. ಅಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡೆ. ಅಲ್ಲಿಂದಲೇ ಕೆಟ್ಟಿತು. ವಾರದ ಕೊನೆಗೆ ಅವರು ನನ್ನ ಮೇಜಿಗೆ ಬಂದು, “ಈಗ ಮತ್ತ ಎರಡು ತಾಸು ಬರಾಕತ್ತೈತ್ರಿ. ಅಂದ್ರ ಬ್ಯಾಟರಿ ಮೊದಲಿಂದ ಛಲೋನ ಇತ್ತು. ನನ್ನ ಹೊತ್ತಿನ ಲೆಕ್ಕನ ತಪ್ಪಿತ್ತು. ಅವತ್ತು ಹಾನಗಲ್ಲಿಗೆ ಹೊಂಡೂಮುಂದ ಚಾರ್ಜ್ ಹಾಕೂದನೂ ಮರತಿರಬೇಕು,” ಎಂದರು. ಮುಖದಲ್ಲಿ ಒಂದು ಹೆದರಿಕೆ ಇತ್ತು. ಅಂದಿನಿಂದ ತರಗತಿಯಲ್ಲಿ ಪಾಠದ ನಡುವೆ ನಿಲ್ಲಿಸಿ ಮಕ್ಕಳನ್ನು ಕೇಳತೊಡಗಿದರು: “ಎಷ್ಟಾತು ಟೈಮ್?” ಸವಣೂರಿನಿಂದ ಮಾತಾಡಲು ಕರೆ ಬಂದಾಗ ಹುಷಾರಿಲ್ಲ ಎಂದು ತಪ್ಪಿಸಿಕೊಂಡರು.

ಮರುವರ್ಷ ಅವರಿಗೆ ಹಿರೇಕೆರೂರಿಗೆ ವರ್ಗವಾಯಿತು. ಎರಡು ವರ್ಷ ಕಳೆದ ಮೇಲೆ ನಾನು ಅಲ್ಲಿಗೆ ಹೋದೆ. ಬೇರೆ ಕೆಲಸವಿರಲಿಲ್ಲ, ಇದಕ್ಕೆಂದೇ ಹೋದೆ. ಊಟದ ಬಿಡುವಿನಲ್ಲಿ ಶಾಲೆಯ ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ, ಹೆಡ್‌ಮಾಸ್ತರ ಬೈಗುಳವನ್ನೂ ಸೇರಿಸಿ. ಅವರು ಅದೊಂದನ್ನು ಮಾತ್ರ ಕೈಯೆತ್ತಿ ತಡೆದರು.

“ಅದು ಬ್ಯಾಡ. ಕೇಳಿದ್ರ ನಾನ ಕೊಡ್ತಿದ್ನಿ, ಅದು ನಿಮಗೂ ಗೊತ್ತಿತ್ತು.” ಎತ್ತಿದ ಕೈಯನ್ನು ಇಳಿಸಿದರು. “ಬ್ಯಾಟರಿ ಒಯ್ದದ್ದು ಬಿಡ್ರಿ. ನಾ ಇಷ್ಟು ವರ್ಷ ನನಗ ಮರವು ಬಂದೈತಿ ಅಂತ ತಿಳದು ಕುಂತೇನಿ. ಹುಬ್ಬಳ್ಳಿಗೆ ಹೋಗಿ ಡಾಕ್ಟರಿಗೂ ತೋರಿಸಿದ್ನಿ. ಮನಿಯಾಗ ಹೇಳ್ಲಿಲ್ಲ.”

ನಾನು ಅತ್ತೆ. ಅವರು ಸಮಾಧಾನ ಮಾಡಲಿಲ್ಲ.

“ಬಂದು ಹೇಳಿದ್ರಿ, ಛಲೋ ಆತು. ಆದ್ರ ಇರ್ಲಿ ಬಿಡ್ರಿ ಅನ್ನಾಕ ನನ್ನ ಕಡೆ ಆಗೂದಿಲ್ಲ,” ಎಂದರು. ಎದ್ದು, ಗೋಡೆಗೆ ಕೈಯಾನಿಸಿಕೊಂಡು ತರಗತಿಯ ಕಡೆ ನಡೆದರು. ಒಂದು ಸಲವೂ ಎಡವಲಿಲ್ಲ.

ಈ ವರ್ಷ ಅವರು ಸವಣೂರಿನ ಕರೆಯನ್ನು ಒಪ್ಪಿಕೊಂಡರೆಂದು ತಿಳಿಯಿತು. ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಒಂದು ತಾಸು ಮಾತಾಡಿದರು, ಎಲ್ಲೂ ತಡವರಿಸಲಿಲ್ಲ. ಕೊನೆಗೆ, “ಯಾರರ ಏನರ ಕೇಳೂದೈತೇನ್ರಿ?” ಎಂದು ಸಭೆಯತ್ತ ಮುಖ ತಿರುಗಿಸಿದರು. ಕೇಳಬೇಕೆಂದು ನನಗೊಂದು ನಿಜವಾದ ಪ್ರಶ್ನೆಯೇ ಇತ್ತು, ಕಲ್ಲಿನ ಬಗ್ಗೆಯೇ. ಆದರೆ ಬಾಯಿ ತೆರೆದರೆ ನಾನು ಯಾರೆಂದು ಅವರಿಗೆ ತಿಳಿದುಬಿಡುತ್ತಿತ್ತು. ಪಕ್ಕದವರು ಕೇಳಿದ ಪ್ರಶ್ನೆಗೆ ಅವರು ಉತ್ತರ ಹೇಳುತ್ತಿರುವಾಗ, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಸದ್ದಾಗದಂತೆ ಹೊರಗೆ ಬಂದೆ.